ಶಿವಪುರದ ಬಾವುಟ ಮತ್ತು ನಿಷೇಧಾಜ್ಞೆ

ಮದ್ದೂರು ಪಕ್ಕದ ಶಿವಪುರದಲ್ಲಿ 1938ರ ಏಪ್ರಿಲ್ 11ರಂದು ಸೇರಿದ್ದ ಜನ ಕಾನೂನಿನ ಪ್ರಕಾರ ಯಾವ ದೇಶದ ನಾಗರಿಕರೂ ಆಗಿರಲಿಲ್ಲ. ಅವರು ಮೈಸೂರು ಮಹಾರಾಜರ ಪ್ರಜೆಗಳು. ಮಂಡ್ಯ ಜಿಲ್ಲೆ ಇನ್ನೂ ಹುಟ್ಟಿರಲಿಲ್ಲ. ಮದ್ದೂರು, ಮಳವಳ್ಳಿ ಎಲ್ಲ ಮೈಸೂರು ಜಿಲ್ಲೆಯಲ್ಲೇ ಇದ್ದವು. ಪ್ರಜೆಗಳಿಗೆ ಕನ್ನಂಬಾಡಿಯ ನಾಲೆ ನೀರು ಬಂದಿತ್ತು, 1881ರಿಂದ ಪ್ರಜಾಪ್ರತಿನಿಧಿ ಸಭೆಯೂ ನಡೆಯುತ್ತಿತ್ತು. ಆದರೆ ತಮ್ಮಿಷ್ಟದ ಬಾವುಟ ಕಟ್ಟಿ ಒಂದು ಬಯಲಲ್ಲಿ ಕೂತು ಮಾತಾಡುವುದು ಸರ್ಕಾರ ಕೊಟ್ಟರೆ ಉಂಟು, ಕೊಡದಿದ್ದರೆ ಇಲ್ಲ.

ಅಂದು ಸರ್ಕಾರ ಕೊಡಲಿಲ್ಲ. ಮೈಸೂರು ಕಾಂಗ್ರೆಸ್ಸಿನ ಮೊದಲ ಅಧಿವೇಶನ ಅದು. ಮದ್ದೂರಿನ ಎಚ್.ಕೆ. ವೀರಣ್ಣಗೌಡರಂಥವರು ಹೆಗಲು ಕೊಟ್ಟು, ಶಿಂಷಾ ಹೊಳೆಯ ಸೀಮೆಯ ಹಳ್ಳಿಗಳಿಂದ ಸಾವಿರಾರು ಜನ ಬಂದಿದ್ದರು. ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಅವರ ಆಡಳಿತ ಕಾಂಗ್ರೆಸ್ ಧ್ವಜ ಏರಿಸಕೂಡದೆಂದು ನಿಷೇಧಾಜ್ಞೆ ಹೊರಡಿಸಿತ್ತು. ಅಧ್ಯಕ್ಷ ಟಿ. ಸಿದ್ಧಲಿಂಗಯ್ಯನವರು ಆಜ್ಞೆ ಮೀರಿ ಧ್ವಜ ಏರಿಸಿದರು, ಬಂಧನವಾಯಿತು. ಅವರ ಹಿಂದೆ ಎಂ.ಎನ್. ಜೋಯಿಸರೂ ಬೇರೆ ಮುಖಂಡರೂ ಸೆರೆಯಾದರು. ಜನ ಚದುರಲಿಲ್ಲ. ಕಲ್ಲು ತೂರಾಟವಿಲ್ಲದೆ ಇಷ್ಟು ಜನ ಒಂದು ಆಜ್ಞೆಯನ್ನು ಒಟ್ಟಿಗೆ ಮೀರಿದರಲ್ಲ, ಈ ನಾಡಿನ ನಾಗರಿಕ ಹಕ್ಕಿನ ಚರಿತ್ರೆಯಲ್ಲಿ ಅದಕ್ಕಿಂತ ದೊಡ್ಡ ದಿನ ನನಗೆ ಕಾಣುವುದಿಲ್ಲ.

ಎರಡು ವಾರ ಕಳೆಯುವಷ್ಟರಲ್ಲಿ, ಏಪ್ರಿಲ್ 25ರಂದು, ಗೌರಿಬಿದನೂರು ಬಳಿಯ ವಿದುರಾಶ್ವತ್ಥದಲ್ಲಿ ಇದೇ ಧ್ವಜದ ಸಲುವಾಗಿ ಸೇರಿದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರ ಲೆಕ್ಕದಲ್ಲಿ ಸರ್ಕಾರದ ಮಾತಿಗೂ ಜನರ ಮಾತಿಗೂ ಇಂದಿಗೂ ತಾಳೆಯಿಲ್ಲ. ಆಮೇಲೆ ವಲ್ಲಭಭಾಯಿ ಪಟೇಲರು, ಆಚಾರ್ಯ ಕೃಪಲಾನಿ ಬಂದರು. ಮಿರ್ಜಾ–ಪಟೇಲ್ ಒಪ್ಪಂದವಾಗಿ ಕೈದಿಗಳು ಹೊರಬಂದರು, ಕಾಂಗ್ರೆಸ್ಸಿಗೂ ಅದರ ಧ್ವಜಕ್ಕೂ ಮನ್ನಣೆ ಸಿಕ್ಕಿತು.

ಪ್ರಜೆ ನಾಗರಿಕನಾದದ್ದು ಸಂವಿಧಾನ ಬಂದ ಮೇಲೆ. ಅದರ 19ನೇ ವಿಧಿ ಮಾತಾಡುವ, ಶಸ್ತ್ರವಿಲ್ಲದೆ ಶಾಂತವಾಗಿ ಸೇರುವ, ಸಂಘ ಕಟ್ಟುವ, ದೇಶದಲ್ಲಿ ಎಲ್ಲಿಗಾದರೂ ಹೋಗಿ ನೆಲೆಸುವ ಹಕ್ಕು ಕೊಟ್ಟಿದೆ. ರಾಷ್ಟ್ರಧ್ವಜವನ್ನು ಗೌರವದಿಂದ ಹಾರಿಸುವುದೂ ಇದೇ ವಿಧಿಯ ಹಕ್ಕೆಂದು ಸುಪ್ರೀಂ ಕೋರ್ಟ್ 2004ರಲ್ಲಿ ಹೇಳಿತು. ಇಲ್ಲಿ ಒಂದು ಸೂಕ್ಷ್ಮವಿದೆ. ಕಾನೂನಿನ ಮುಂದೆ ಸಮಾನತೆಯ 14ನೇ ವಿಧಿ, ಜೀವ ಮತ್ತು ಸ್ವಾತಂತ್ರ್ಯದ 21ನೇ ವಿಧಿ ಈ ನೆಲದ ಮೇಲಿರುವ ಯಾರಿಗಾದರೂ ಅನ್ವಯಿಸುತ್ತವೆ, ವಿದೇಶಿಯರಿಗೂ. 19ನೇ ವಿಧಿ ನಾಗರಿಕರಿಗೆ ಮಾತ್ರ. ಪೌರತ್ವದ ಕಾಗದದ ಪ್ರಶ್ನೆ ಎದ್ದಾಗ ಜನ ಹೆದರುವುದು ಇದಕ್ಕೇ: ಆ ಕಾಗದ ಹೋದರೆ ಹೆದರಿಕೆಯನ್ನು ಬೀದಿಗೆ ಬಂದು ಹೇಳುವ ಹಕ್ಕೂ ಅದರ ಜೊತೆಗೇ ಹೋಗುತ್ತದೆ.

2019ರ ಡಿಸೆಂಬರಿನಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆಯ ವಿರುದ್ಧ ಪ್ರತಿಭಟನೆ ಎದ್ದಾಗ ಬೆಂಗಳೂರಿನಲ್ಲಿ 144ನೇ ಸೆಕ್ಷನ್ ಹಾಕಿದರು. ಡಿಸೆಂಬರ್ 18ರ ಆ ಆಜ್ಞೆ ಕಾನೂನುಬಾಹಿರವೆಂದು ಕರ್ನಾಟಕ ಹೈಕೋರ್ಟ್ 2020ರ ಫೆಬ್ರುವರಿ 13ರಂದು ತೀರ್ಪಿತ್ತಿತು. ಕೆಳಗಿನ ಅಧಿಕಾರಿಗಳ ಪತ್ರಗಳನ್ನು ಎತ್ತಿ ಬರೆದರೆ ಸಾಲದು, ಆಜ್ಞೆ ಹೊರಡಿಸುವವರು ತಾವೇ ವಿಚಾರ ಮಾಡಿ ಕಾರಣ ಕೊಡಬೇಕು ಎಂಬುದು ಅದರ ತಿರುಳು. ಶಿವಪುರದವರಿಗೆ ಇಂಥ ಬಾಗಿಲು ಇರಲಿಲ್ಲ. ಅವರಿಗಿದ್ದದ್ದು ಜೈಲಿನ ಬಾಗಿಲೊಂದೇ.

ಮಂಡ್ಯಕ್ಕೆ ನಿಷೇಧಾಜ್ಞೆ ಹೊಸದಲ್ಲ. ಕಾವೇರಿ ಗಲಾಟೆಗಳಲ್ಲಿ ಎಷ್ಟೋ ಸಲ ಬಂದಿದೆ. 2024ರ ಜನವರಿಯಲ್ಲಿ ಕೆರಗೋಡಿನ 108 ಅಡಿ ಧ್ವಜಸ್ತಂಭದ ವಿವಾದದಲ್ಲೂ ಬಂತು. ಯಾರ ಬಾವುಟ, ಯಾರ ಜಾಗ ಎಂಬುದರಲ್ಲಿ ನಮಗೆ ಭಿನ್ನಾಭಿಪ್ರಾಯ ಇರಲಿ. ಆಜ್ಞೆಗೆ ಕಾರಣ ಕೇಳುವ ಹಕ್ಕಿನಲ್ಲಿ ಇರಬಾರದು. ನಮಗೆ ಹಿಡಿಸದವರ ಮೇಲೆ ಅದು ಬಿದ್ದಾಗ ಸುಮ್ಮನಿದ್ದರೆ ನಾಳೆ ನಮ್ಮ ಮೇಲೆ ಬಿದ್ದಾಗ ಕೇಳುವವರು ಇರುವುದಿಲ್ಲ.

ನೆಲೆಸುವ ಹಕ್ಕಿನದೂ ಇದೇ ಕಥೆ. ನಮ್ಮ ಆಲೆಮನೆಗಳಲ್ಲಿ ಬೆಲ್ಲ ಬೇಯಿಸುವವರಲ್ಲಿ ಉತ್ತರ ಪ್ರದೇಶ, ಬಿಹಾರದವರು ಎಷ್ಟೋ ಜನ. ಅವರು ವಲಸೆ ಬಂದವರು ನಿಜ, ಹೊರದೇಶದವರಲ್ಲ. 19ನೇ ವಿಧಿ ನನಗೆಷ್ಟೋ ಅವರಿಗೂ ಅಷ್ಟೇ. 2020ರಲ್ಲಿ ಮುಂಬೈಯಿಂದ ಊರಿಗೆ ಮರಳಿದ ನಮ್ಮದೇ ಜಿಲ್ಲೆಯ ಮಕ್ಕಳನ್ನು ಸೋಂಕಿನ ಭಯಕ್ಕೆ ಹೊರಗಿನವರಂತೆ ಕಂಡೆವು. ಅದನ್ನು ನೆನೆದರೆ ಈಗಲೂ ನೋವಾಗುತ್ತದೆ.

ಶಿವಪುರದ ಸತ್ಯಾಗ್ರಹ ಸೌಧ ಹಳೆಯ ಬೆಂಗಳೂರು–ಮೈಸೂರು ರಸ್ತೆಯಲ್ಲಿದೆ. ಹೊಸ ದಶಪಥದಲ್ಲಿ ಹೋಗುವವರು ಮದ್ದೂರು ಪೇಟೆಗೇ ಬರುವುದಿಲ್ಲ. ಶಾಲೆ ಮಕ್ಕಳನ್ನಾದರೂ ಅಲ್ಲಿಗೆ ಕರೆದೊಯ್ದು, ಈಗಿನ ಕಾನೂನನ್ನೂ ಅಲ್ಲೇ ಹೇಳಿಕೊಡಬೇಕು. 144 ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಸೆಕ್ಷನ್ ಆಗಿದೆ. ಮ್ಯಾಜಿಸ್ಟ್ರೇಟರ ಆಜ್ಞೆ ಎರಡು ತಿಂಗಳಿಗಿಂತ ಹೆಚ್ಚು ಜಾರಿಯಲ್ಲಿರುವಂತಿಲ್ಲ. ಮುಂದುವರಿಸಬೇಕಾದರೆ ರಾಜ್ಯ ಸರ್ಕಾರವೇ ಆದೇಶಿಸಬೇಕು, ಅದೂ ಇನ್ನು ಆರು ತಿಂಗಳವರೆಗೆ ಮಾತ್ರ. ಬಾಧಿತರು ಯಾರೇ ಆಗಲಿ, ಆಜ್ಞೆ ರದ್ದು ಮಾಡಿ ಎಂದು ಅರ್ಜಿ ಹಾಕಬಹುದು. ಅರ್ಜಿದಾರರನ್ನು ಬೇಗ ಕರೆದು ಅವರ ಮಾತು ಕೇಳಲೇಬೇಕು, ಅರ್ಜಿ ತಳ್ಳಿಹಾಕಿದರೆ ಕಾರಣವನ್ನು ಬರೆದಿಡಲೇಬೇಕು.