ಅಮ್ಮನಿಗೇಕೆ ಅಷ್ಟೊಂದು ಚಳಿ?



ದೆಹಲಿಯ ಜನವರಿ. ನೀವು ಒಂದೇ ಸ್ವೆಟರಿನಲ್ಲಿ ಕ್ರಿಕೆಟ್ ಆಡಲು ಹೊರಟಿದ್ದೀರಿ. ಅಮ್ಮ ಎರಡು ಸ್ವೆಟರ್ ಹಾಕಿ, ಶಾಲು ಹೊದ್ದು, ಹೀಟರ್ ಮುಂದೆ ಕುಳಿತಿದ್ದಾರೆ. "ಇಷ್ಟಕ್ಕೇ ಚಳಿಯೇ?" ಎಂದು ನಗುತ್ತೀರಿ, ಅಲ್ಲವೇ? ನಗುವ ಮುನ್ನ ಸ್ವಲ್ಪ ಕೇಳಿ.

ಎಲ್ಲರ ದೇಹದೊಳಗಿನ ಉಷ್ಣತೆ ಸುಮಾರು 37 ಡಿಗ್ರಿ ಸೆಲ್ಸಿಯಸ್. ಆದರೆ ಚಳಿಯ ಸುದ್ದಿಯನ್ನು ಮಿದುಳಿಗೆ ಮೊದಲು ಮುಟ್ಟಿಸುವುದು ಚರ್ಮ. ಒಳಗಿನ ಬಿಸಿ ಉಳಿಸಲು ಚರ್ಮದ ರಕ್ತನಾಳಗಳು ಕುಗ್ಗುತ್ತವೆ, ಕೈಕಾಲು ತಣ್ಣಗಾಗುತ್ತವೆ. ಸ್ನಾಯು ಕಡಿಮೆಯಿದ್ದವರಲ್ಲಿ ಹುಟ್ಟುವ ಶಾಖವೂ ಕಡಿಮೆ. ಚಿಕ್ಕ ಲೋಟದ ಕಾಫಿ ಬೇಗ ಆರುವಂತೆ ಸಣ್ಣ ಮೈಯವರು ಬೇಗ ಬಿಸಿ ಕಳೆದುಕೊಳ್ಳುತ್ತಾರೆ. ರೂಢಿಯದೂ ಒಂದು ಪಾಲು.

ವಯಸ್ಸಾದಂತೆ ನಡುಗಿ ಶಾಖ ಹುಟ್ಟಿಸುವ ಶಕ್ತಿಯೂ, ಚಳಿಯನ್ನು ಗುರುತಿಸುವ ಸೂಕ್ಷ್ಮತೆಯೂ ಕುಂದುತ್ತವೆ. ಆದ್ದರಿಂದ ಅಜ್ಜಿ "ನನಗೇನೂ ಚಳಿಯಿಲ್ಲ" ಎಂದರೂ ಕಂಬಳಿ ಹೊದಿಸಿ.

ಇನ್ನೊಂದು ಮಾತು. ರಕ್ತಹೀನತೆ, ಥೈರಾಯ್ಡ್ ಕೊರತೆ ಇದ್ದವರಿಗೂ ಚಳಿ ಹೆಚ್ಚು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ಭಾರತದ 15ರಿಂದ 49 ವರ್ಷದ ಮಹಿಳೆಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆಯಿದೆ. ಅಮ್ಮನಿಗೆ ಚಳಿಯ ಜೊತೆ ದಣಿವೂ ಇದೆಯೇ? ವೈದ್ಯರಲ್ಲಿಗೆ ಕರೆದೊಯ್ದು ರಕ್ತ ಪರೀಕ್ಷೆ ಮಾಡಿಸಿ. "ನನಗೇನಾಗಿದೆ, ಸುಮ್ಮನಿರು" ಎಂದಾರು. ನೀವು ಸುಮ್ಮನಿರಬೇಡಿ.