ಗಾಳಿಪಟದ ರಚನಾಕ್ರಮ

ಕಾರಹುಣ್ಣಿಮೆ ಕಳೆದು ಆಷಾಢವು ಕಾಲಿಟ್ಟಿತೆಂದರೆ ಇರಕಲ್ಲಗಡದ ಕಲ್ಲುಗುಡ್ಡಗಳ ಮೇಲೆ ಪಡುವಣ ಗಾಳಿಯು ಎಡೆಬಿಡದೆ ಬೀಸತೊಡಗುವುದು. ಮುಂಗಾರಿನ ಮೋಡಗಳು ತಮ್ಮ ನೀರಿನ ಬಹುಭಾಗವನ್ನು ಸಹ್ಯಾದ್ರಿಯಲ್ಲಿಯೇ ಸುರಿದು, ನಮ್ಮ ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಸೀಮೆಗೆ ಗಾಳಿಯನ್ನೇ ಹೆಚ್ಚಾಗಿ ಕಳುಹುತ್ತವೆ. ಒಕ್ಕಲಿಗನಿಗೆ ಇದು ಚಿಂತೆಯ ಕಾಲ, ಬಾಲಕರಿಗಾದರೋ ಸುಗ್ಗಿ. ಗುಜರಾತದವರು ಸಂಕ್ರಾಂತಿಯಲ್ಲಿ ಗಾಳಿಪಟವನ್ನು ಹಾರಿಸುವರು. ದೊಡ್ಡಬಳ್ಳಾಪುರದವರು ನಮ್ಮಂತೆ ಆಷಾಢದಲ್ಲಿಯೇ. ಈ ವಿನೋದಕ್ಕೆ ಗಾಳಿಯೇ ಪಂಚಾಂಗ.

ಹೆಸರಿನ ವಿಚಾರವೂ ಸ್ವಾರಸ್ಯವಾದುದು. ಪಟವೆಂದರೆ ಸಂಸ್ಕೃತದಲ್ಲಿ ಬಟ್ಟೆ; ಅದಕ್ಕೆ ನಮ್ಮ ಗಾಳಿಯು ಸೇರಿ ಗಾಳಿಪಟವಾಯಿತು. ಪತಂಗಶಬ್ದಕ್ಕೆ ಅಮರಸಿಂಹನು ಪಕ್ಷಿ, ಸೂರ್ಯ ಎಂಬ ಅರ್ಥಗಳನ್ನು ಹೇಳಿರುವನು. ಕಾಗದದ ಪತಂಗವು ಅವನ ಕಾಲದ ಮಾತಲ್ಲ. ಚೀನದಲ್ಲಿ ಎರಡು ಸಾವಿರ ವರ್ಷಗಳಿಗೂ ಹಿಂದೆ ಬಿದಿರು ರೇಷ್ಮೆಗಳಿಂದ ಹುಟ್ಟಿದ ಈ ವಸ್ತುವು ನಮ್ಮ ದೇಶದಲ್ಲಿ ಬಳಕೆಗೆ ಬಂದುದಕ್ಕೆ ಸಂತ ನಾಮದೇವನ ಪದವೊಂದು ಸಾಕ್ಷಿಯಾಗಿದೆ. ಇದು ಬರಿಯ ಆಟಿಗೆಯೆಂದು ತಿಳಿಯಬಾರದು. 1893ರಲ್ಲಿ ಆಸ್ಟ್ರೇಲಿಯದ ಹಾರ್ಗ್ರೇವನು ಪೆಟ್ಟಿಗೆಯಾಕಾರದ ಗಾಳಿಪಟವನ್ನು ಕಲ್ಪಿಸಿದನು. 1899ರಲ್ಲಿ ರೈಟ್ ಸಹೋದರರು ರೆಕ್ಕೆಯನ್ನು ತಿರುಚುವ ತಮ್ಮ ಉಪಾಯವನ್ನು ಮೊದಲು ಗಾಳಿಪಟದಲ್ಲಿಯೇ ಪರೀಕ್ಷಿಸಿದರು. 1901ರಲ್ಲಿ ಅಟ್ಲಾಂಟಿಕ್ ಸಾಗರದಾಚೆಯ ನಿಸ್ತಂತು ಸಂಕೇತವನ್ನು ಮಾರ್ಕೋನಿಯು ಗಾಳಿಪಟಕ್ಕೆ ಕಟ್ಟಿದ ತಂತಿಯಿಂದ ಗ್ರಹಿಸಿದನು.

ಇನ್ನು ರಚನೆ. 12 ಅಂಗುಲ ಚೌಕದ ತೆಳುವಾದ ಕಾಗದವನ್ನು ತೆಗೆದುಕೊಳ್ಳಬೇಕು. ಹಳೆಯ ಸಮಾಚಾರಪತ್ರಿಕೆಯಾದರೂ ಸಾಕು. ಮೂಲೆಯಿಂದ ಮೂಲೆಗೆ ನಿಲ್ಲುವ ಬಿದಿರುಕಡ್ಡಿಯ ಉದ್ದ 17 ಅಂಗುಲ. ಕಪ್ಪುಹಲಗೆಯ ಮೇಲೆ ಕರ್ಣದ ಲೆಕ್ಕವನ್ನು ಕಲಿಯಲೊಲ್ಲದ ಹುಡುಗರು ಈ ಕಡ್ಡಿಯನ್ನು ಅಳೆಯುವಾಗ ಕೂದಲೆಳೆಯಷ್ಟೂ ತಪ್ಪುತ್ತಿರಲಿಲ್ಲವೆಂಬುದನ್ನು ನಾವು ಬಹುಕಾಲ ಕಂಡಿದ್ದೇವೆ. ಅಡ್ಡಕಡ್ಡಿಯು 19 ಅಂಗುಲವಿರಲಿ. ಅದನ್ನು ಬಿಲ್ಲಿನಂತೆ ಬಾಗಿಸಿ ಎಡಬಲದ ಮೂಲೆಗಳಿಗೆ ಅಂಟಿಸಿದರೆ ಅದರ ನೆತ್ತಿಯು ಮೇಲ್ತುದಿಯಿಂದ ಸುಮಾರು 5 ಅಂಗುಲ ಕೆಳಗೆ ಬರುವುದು. ಈ ಕಡ್ಡಿಯ ಎರಡು ತೋಳುಗಳೂ ಸಮತೂಕವಾಗಿರತಕ್ಕದ್ದು. ಒಂದು ದಪ್ಪನಾದರೆ ಪಟವು ಅತ್ತಲೇ ವಾಲಿ ಗಿರಗಿರನೆ ತಿರುಗುವುದು. ಅಂಟಿಗೆ ಅನ್ನದ ಅಗುಳೇ ಸಾಕು.

ಇಷ್ಟಾದರೂ ಪಟವು ಏರುವುದು ಸೂತ್ರದಿಂದಲೇ. ಕಡ್ಡಿಗಳು ಕೂಡುವಲ್ಲಿ ಒಂದು, ಬಾಲದ ಕಡೆಗೆ ಒಂದು, ಹೀಗೆ ಎರಡು ಕಡೆ ದಾರವನ್ನು ಕಟ್ಟಿ, ಮುಂದೆ ಅವೆರಡನ್ನೂ ಒಂದು ಗಂಟಿಗೆ ತರಬೇಕು. ಪಟವು ಗಾಳಿಗೆ ಎಷ್ಟು ಓರೆಯಾಗಿ ನಿಲ್ಲಬೇಕೆಂಬುದನ್ನು ಈ ಗಂಟೇ ನಿರ್ಣಯಿಸುವುದು. ಗಾಳಿ ಬಿರುಸಾದರೆ ಅದನ್ನು ತುಸು ಮೇಲಕ್ಕೂ, ಮೆಲ್ಲಗಾದರೆ ತುಸು ಕೆಳಕ್ಕೂ ಸರಿಸಬೇಕು. ನಮ್ಮ ಸೀಮೆಯ ಆಷಾಢದ ಗಾಳಿಗೆ ಹಳೆಯ ಧೋತರದ ಅಂಚಿನ ಬಾಲಂಗೋಚಿಯೂ ಬೇಕು. ಪಟದ ಐದಾರರಷ್ಟು ಉದ್ದವಿದ್ದರೆ ಅದು ತಲೆಕೆಳಗಾಗದೆ ನಿಲ್ಲುವುದು. ಕಾಳಗಕ್ಕೆ ಬಿಡುವ ಪಟಗಳಿಗೆ ಬಾಲವಿಲ್ಲ. ಅವು ಚುರುಕಾಗಿ ಹೊರಳಬೇಕಷ್ಟೆ.

ಆ ಕಾಳಗದ ದಾರವನ್ನು ಕುರಿತು ಗೃಹಸ್ಥರಾದ ವಾಚಕರಿಗೆ ಒಂದು ಮಾತನ್ನು ಹೇಳಲೇಬೇಕಾಗಿದೆ. ಪೂರ್ವದಲ್ಲಿ ನೂಲಿಗೆ ಗಾಜಿನ ಪುಡಿಯನ್ನು ಬಳಿಯುತ್ತಿದ್ದರು. ಅದೂ ಬೆರಳನ್ನು ಕೊಯ್ಯುವುದೇ. ಆದರೆ ಈಗ ಚೀನೀ ಮಾಂಜಾ ಎಂದು ಮಾರುವ ನೈಲಾನ್ ದಾರವು ಹರಿಯುವುದೇ ಇಲ್ಲ. ದ್ವಿಚಕ್ರವಾಹನದಲ್ಲಿ ಹೋಗುವವರ ಕುತ್ತಿಗೆಯನ್ನು ಕೊಯ್ದು ಪ್ರಾಣವನ್ನೇ ತೆಗೆದಿದೆ, ಹಕ್ಕಿಗಳ ರೆಕ್ಕೆಯನ್ನು ಕತ್ತರಿಸಿದೆ. ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು 2017ನೆಯ ಜುಲೈ 11ರಂದು ಇದನ್ನು ದೇಶದಾದ್ಯಂತ ನಿಷೇಧಿಸಬೇಕೆಂದು ಆಜ್ಞಾಪಿಸಿತು. ಹೀಗಿದ್ದರೂ ಮಗನು ಅದನ್ನೇ ಬೇಡಿದನೆಂದು ಗುಟ್ಟಾಗಿ ಕೊಂಡುಕೊಡುವ ತಂದೆಯನ್ನು ಏನೆನ್ನೋಣ! ಹೊಲಿಗೆಯ ಬಿಳಿಯ ನೂಲೇ ಮನೆಯ ಪಟಕ್ಕೆ ಯೋಗ್ಯವಾದುದು.

ಹಾರಿಸಲು ಬಿತ್ತಿದ ಹೊಲವೂ ಬೇಡ, ಮಾಳಿಗೆಯ ಅಂಚೂ ಬೇಡ; ಊರ ಹೊರಗಿನ ಬಯಲೇ ಲೇಸು. ವಿದ್ಯುತ್ತಿನ ತಂತಿಗೆ ಸಿಕ್ಕಿದ ಪಟವನ್ನು ಕೋಲಿನಿಂದಾಗಲಿ ದಾರವನ್ನೆಳೆದಾಗಲಿ ಬಿಡಿಸಲು ಹೋಗದೆ ಅಲ್ಲಿಯೇ ಬಿಟ್ಟುಬಿಡತಕ್ಕದ್ದು. ಒಂದು ಕಾಗದವೂ ಎರಡು ಕಡ್ಡಿಗಳೂ ಇದ್ದರೆ ಸಂಜೆಯೊಳಗೆ ಇನ್ನೊಂದು ಸಿದ್ಧವಾಗುವುದು.