ಘಾಟಿಯಲ್ಲಿ ನಿಂತ ಪದ್ಮಿನಿಗೆ ಒದ್ದೆಬಟ್ಟೆ ಏಕೆ?

ಪ್ರಶ್ನೆ: ಬೇಸಿಗೆಯಲ್ಲಿ ಆಗುಂಬೆ ಘಾಟಿ ಹತ್ತುವಾಗ ಅಪ್ಪನ ಪ್ರೀಮಿಯರ್ ಪದ್ಮಿನಿ ನಿಂತುಬಿಡುತ್ತಿತ್ತು. ಪೆಟ್ರೋಲ್ ಪಂಪಿಗೆ ಒದ್ದೆಬಟ್ಟೆ ಸುತ್ತಿದರೆ ಮತ್ತೆ ಹೊರಡುತ್ತಿತ್ತು. ಇದರ ಗುಟ್ಟೇನು?

ಉತ್ತರ: ನಿಮ್ಮ ತಂದೆಯವರು ಮಾಡಿದ್ದು ಅಪ್ಪಟ ವಿಜ್ಞಾನ. ಪೆಟ್ರೋಲ್ ಒಂದೇ ದ್ರವವಲ್ಲ, ಹಲವು ದ್ರವಗಳ ಮಿಶ್ರಣ. ಅದರಲ್ಲಿ ಹಗುರವಾದವು ಸುಮಾರು 40 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯತೊಡಗುತ್ತವೆ. ಪದ್ಮಿನಿಯ ಪಂಪ್ ಇರುವುದು ಎಂಜಿನ್ನಿಗೇ ಅಂಟಿಕೊಂಡು. ಅದರೊಳಗಿನ ಡಯಾಫ್ರಮ್ ಮೇಲೆ ಕೆಳಗೆ ಆಡುತ್ತ ಹಿಂದಿನ ಟ್ಯಾಂಕಿನಿಂದ ಪೆಟ್ರೋಲನ್ನು ಹೀರುತ್ತದೆ. ಹೀರುವ ಕಡೆ ಒತ್ತಡ ಕಡಿಮೆ, ಒತ್ತಡ ಇಳಿದಷ್ಟೂ ಕುದಿಬಿಂದುವೂ ಇಳಿಯುತ್ತದೆ. ಮೊದಲ ಗೇರಿನಲ್ಲಿ ನಿಧಾನವಾಗಿ ಏರುವಾಗ ಎಂಜಿನ್ ಕಾಯುತ್ತದೆ, ಎದುರುಗಾಳಿ ಸಾಲುವುದಿಲ್ಲ. ಪೆಟ್ರೋಲ್ ಆವಿಯಾಗುತ್ತದೆ. ದ್ರವ ಎತ್ತಲು ಮಾಡಿದ ಪಂಪ್ ಆವಿಯನ್ನು ಬರಿದೇ ಹಿಂಡುತ್ತದೆ, ಕಾರ್ಬುರೇಟರ್ ಒಣಗುತ್ತದೆ. ಇದೇ ‘ವೇಪರ್ ಲಾಕ್’.

ಬಟ್ಟೆಯ ನೀರು ಆರುತ್ತ ಪಂಪಿನ ಶಾಖವನ್ನು ಹೀರಿಕೊಳ್ಳುತ್ತದೆ, ಆವಿ ಮತ್ತೆ ದ್ರವವಾಗುತ್ತದೆ. ಪಂಪಿನಲ್ಲಿ ಕೈಯಿಂದ ಒತ್ತುವ ಲಿವರ್ ಇದ್ದರೆ ನಾಲ್ಕಾರು ಸಲ ಒತ್ತಿ, ಬೇಗ ತುಂಬುತ್ತದೆ. ತಣಿದ ಮೇಲೂ ಹೊರಡದಿದ್ದರೆ ಡಯಾಫ್ರಮ್ ಹರಿದಿರಬಹುದು. ಪೆಟ್ರೋಲ್ ಜಿನುಗುತ್ತಿದೆಯೇ ನೋಡದೆ ಸ್ಟಾರ್ಟ್ ಮಾಡಲೇಬೇಡಿ, ಬೆಂಕಿಯ ಅಪಾಯ ದೊಡ್ಡದು.

ಈಗಿನ ಕಾರುಗಳಲ್ಲಿ ವಿದ್ಯುತ್ ಪಂಪ್ ಟ್ಯಾಂಕಿನೊಳಗೇ ಮುಳುಗಿರುತ್ತದೆ. ಅದು ಪೆಟ್ರೋಲನ್ನು ಹೀರದೆ ಒತ್ತಡದಲ್ಲಿ ಮುಂದಕ್ಕೆ ತಳ್ಳುವುದರಿಂದ ಈ ತೊಂದರೆ ಅಪರೂಪ.